ಬಂದೂಕಿಗೆ ಎರಡು ಕಾಲು ಯಾಕ ಬೇಕು?



ತೊಗರಿ ಕಾಯಿ ಹಿಡಿಯೋ ಹೊತ್ತು ಬಂತು, ಹಂದಿ ಕಾಟನೂ ಬಂತು. ಅದರ ಜೋಡಿ ಈ ವರ್ಷ ಇನ್ನೊಂದು ಹೊಸದು ಬಂದದ. ಬೆಳೆ ಕಾಯಾಕ ಅಂತ ಲೈಸೆನ್ಸ್ ಬಂದೂಕ ಇಟ್ಟಿರೋ ನಾಲ್ಕೈದು ಮಂದಿ ನನ್ನ ಮುಂದ ಒಂದೇ ಮಾತು ಆಡ್ಯಾರ. ನಳಿಗೆ ಮುಂದ ಬೈಪಾಡ್ ಹಚ್ಚಬೇಕು ಅಂತ. ಬೈಪಾಡ್ ಅಂದ್ರ ಮಡಚೋ ಎರಡು ಕಾಲು, ನೆಲಕ್ಕ ಊರಿ ಮಕ್ಕೊಂಡು ಹೊಡೆಯೋದು. ನಮ್ಮ ಬಾಜೂಕಿನ ಹೊಲದ ಹುಡುಗ ಮೊಬೈಲ್ ತಂದು ತೋರಿಸಿದ: "ಕಾಕಾ, ಇದು ಹಾಕಿದ್ರ ಕೈ ನಡಗಲ್ಲ, ಗುರಿ ತಪ್ಪಲ್ಲ, ವೆಲ್ಡಿಂಗ್ ಅಂಗಡಿಯವ ಅರ್ಧ ದಿನದಾಗ ಮಾಡಿಕೊಡ್ತಾನ." ಅವನಿಗೆ ಅವತ್ತು ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತೀನಿ, ಯಾಕಂದ್ರ ಇದು ಒಬ್ಬನ ಮಾತಾಗಿ ಉಳಿದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬಂದೂಕಿಗೆ ಆಸರೆ ಬೇಕು, ಅದರಾಗ ಎರಡು ಮಾತಿಲ್ಲ. ಆದ್ರ ಆ ಆಸರೆ ಬಂದೂಕಿಗೆ ಹಚ್ಚಿದ ಕಾಲು ಆಗಬಾರದು, ಅದರಲ್ಲೂ ನಮ್ಮ ಕಡಿ ಹೊಲದಾಗ ಆಗಬಾರದು.

ನಮ್ಮ ಹತ್ರ ಇರೋದು ಏನು ಅಂತ ಮೊದಲು ನೋಡ್ರಿ. ವಿಡಿಯೋದಾಗ ಕಾಣೋದು ರೈಫಲ್. ಅದರ ನಳಿಗೆ ಒಳಗ ಸುರುಳಿ ಗೆರೆ ಇರ್ತಾವ, ಒಂದೇ ಗುಂಡು ಬುಗುರಿ ಹಂಗ ತಿರುಗುತಾ ಹೋಗ್ತದ, ಇನ್ನೂರು ಗಜ ದೂರದ ಗುರಿಗೂ ಅಂಗೈಯಷ್ಟು ಜಾಗದಾಗ ಬೀಳ್ತದ. ಬೆಳೆ ರಕ್ಷಣೆಗೆ ನಮಗೆ ಸಿಗೋದು ಅದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಾಗೇ ಬರೆದಾರ: ಬೆಳೆ ರಕ್ಷಣೆಗೆ ಅಂದ್ರ ಮುಂದಿನಿಂದ ಮದ್ದು ತುಂಬೋ ಬಂದೂಕು. ಅದು ಸಾಲಲ್ಲ ಅಂತ ಲೈಸೆನ್ಸ್ ಕೊಡೋ ಅಧಿಕಾರಿಗೆ ಮನವರಿಕೆ ಆದ್ರ, 20 ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ಬೇರೆ ನುಣುಪು ನಳಿಗೆ ಬಂದೂಕು. ಅಂದ್ರ ನಮ್ಮ ಮಂದಿ ಕೈಯಾಗ ಇರೋದು ಒಂದೋ ಅಪ್ಪ-ಅಜ್ಜನ ಕಾಲದ ಮದ್ದಿನ ಬಂದೂಕು, ಇಲ್ಲಾ ನಡುವ ಮುರಿದು ಒಂದು ತೋಟಾ ಹಾಕೋ ಹನ್ನೆರಡು ಬೋರಿನ ಒಂಟಿ ನಳಿಗೆ. ನನ್ನದೂ ಅದೇ. ಅಪ್ಪನ ಹೆಸರಿಲೆ ಇತ್ತು, ಆಮ್ಯಾಲ ಅರ್ಜಿ ಹಾಕಿ ನನ್ನ ಹೆಸರಿಗೆ ಮಾಡಿಸಿಕೊಂಡೆ.

ನುಣುಪು ನಳಿಗೆಯಿಂದ ಛರ್ರಾ ಹೊಡೆದ್ರ ಅದು ಹರಡ್ತದ. ಹಳೇ ಮಂದಿ ಲೆಕ್ಕ ಏನಂದ್ರ ಸಾದಾ ನಳಿಗೆಗೆ ಒಂದು ಗಜಕ್ಕ ಒಂದು ಇಂಚು. ನಲವತ್ತು ಗಜಕ್ಕ ನಲವತ್ತು ಇಂಚು ಅಗಲ ಆಯ್ತು, ಅಂದ್ರ ಮೂರು ಫೂಟಿಗೂ ಜಾಸ್ತಿ. ತೋಟಾದಾಗ ಇರೋ ದಪ್ಪ ಗುಂಡು ಕೈಬೆರಳಿನಷ್ಟೇ, ಅವು ಅಷ್ಟಗಲ ಚೆದುರಿದ ಮ್ಯಾಲ ಹಂದಿ ಎದಿಗೆ ಒಂದು ಬಿದ್ರ ಬಿತ್ತು, ಇಲ್ಲಾಂದ್ರ ಹೊಟ್ಟಿಗೆ ಬಡಿದು ಗಾಯ ಮಾಡಿಕೊಂಡು ಕಬ್ಬಿನಾಗ ಹೊಕ್ಕಿತು. ಗಾಯದ ಹಂದಿ ಇರೋ ಕಬ್ಬಿಗೆ ಮರುದಿನ ಮುಂಜಾನಿ ನೀರು ಬಿಡಾಕ ಹೋಗೋರು ಯಾರು? ನಮ್ಮ ಹೆಣ್ಮಕ್ಕಳು, ಇಲ್ಲಾ ಕೂಲಿ ಆಳು. ಹಂಗಾಗಿ ನಮ್ಮ ಬಂದೂಕಿನ ಗುರಿ ಇಪ್ಪತ್ತೈದು ಮೂವತ್ತು ಗಜದ ಒಳಗಿನ ಮಾತು. ಅಷ್ಟು ಹತ್ರಕ್ಕ ಬೈಪಾಡ್ ಕೊಡೋ ನಿಖರತೆ ನುಣುಪು ನಳಿಗೆಗೆ ಉಪಯೋಗಕ್ಕೇ ಬರಲ್ಲ. ಎತ್ತಿನ ಬಂಡಿಗೆ ಮೀಟರ್ ಕೂಡಿಸಿದಂಗ.

ಮಿಲಿಟರಿಯಿಂದ ರಿಟೈರ್ ಆಗಿ ಬಂದ ಕೆಲವರ ಹತ್ರ 315 ರೈಫಲ್ ಅದ. ಅವರು ಕೇಳಬಹುದು, ನಮಗೇನು ಹೇಳ್ತೀರಿ ಅಂತ. ಅವರಿಗೂ ಒಂದು ಮಾತು ಅದ, ಯಾಕಂದ್ರ ಗುರಿ ಕೆಡೋದು ಎಲ್ಲಿ ಅನ್ನೋದು ಎಲ್ಲ ಬಂದೂಕಿಗೂ ಒಂದೇ.

ಭಜನಿ ಮಾಡೋರ ಏಕತಾರಿ ನೋಡೀರಲ್ಲ. ತಂತಿ ಮೀಟಿದಾಗ ಅದರ ಮ್ಯಾಲ ಬೆರಳು ಇಟ್ರ ಧ್ವನಿ ಬದಲಾಗ್ತದ. ಬೆರಳು ಎಲ್ಲಿ ಇಟ್ಟಿ, ಎಷ್ಟು ಒತ್ತಿದಿ ಅನ್ನೋದರ ಮ್ಯಾಲ ಬ್ಯಾರೆ ಬ್ಯಾರೆ ಧ್ವನಿ. ನಳಿಗೆನೂ ಹಂಗೇ. ಮದ್ದು ಸಿಡಿದಾಗ ಗುಂಡು ಹೊರಗ ಬರೋದರ ಒಳಗೇ ನಳಿಗೆ ಅದುರ್ತದ. ಆ ಅದುರು ಪ್ರತಿ ಸಲ ಒಂದೇ ರೀತಿ ಇದ್ರ ಗುಂಡು ಒಂದೇ ಜಾಗಕ್ಕ ಹೋಗ್ತದ. ನಳಿಗೆಗೆ ನೇರ ಕ್ಲಾಂಪ್ ಹಾಕಿ ಕಾಲು ಬಿಗಿದ್ರ, ಮೈಭಾರ ಹಾಕಿ ಒತ್ತಿದಾಗ ಒಂದು ಕಡಿ ಹೋಗ್ತದ, ಹಗೂರ ಹಿಡಿದಾಗ ಇನ್ನೊಂದು ಕಡಿ. ನೆಲ ಗಟ್ಟಿ ಇದ್ರ ಇನ್ನೂ ಕೆಟ್ಟದ್ದು: ಕಾಲು ಕಲ್ಲಿನ ಮ್ಯಾಲಿಂದ ಜಿಗಿದು ನಳಿಗೆ ಮ್ಯಾಲಕ್ಕ ಎತ್ತಿ, ಗುಂಡು ಗುರಿಗಿಂತ ಮ್ಯಾಲೆ ಹೊಡೀತದ. ಅದಕ್ಕ ರೈಫಲ್ ಕಲಿತವರು ಕಾಲನ್ನ ನಳಿಗೆಗೆ ಹಚ್ಚಲ್ಲ, ಮುಂದಿನ ಕಟ್ಟಿಗಿಗೆ, ಬೆಲ್ಟ್ ಸಿಗಿಸೋ ಗುಂಡಿಗೆ ಹಚ್ತಾರ. ಆ ಕಟ್ಟಿಗಿ ಮತ್ತ ನಳಿಗೆ ನಡುವ ಒಂದು ನೋಟು ಸಲೀಸಾಗಿ ಸರಿಯೋ ಸಂದು ಇರಬೇಕು. ಗುಂಡಿಯ ಸ್ಕ್ರೂ ಉದ್ದ ಆಗಿ ಒಳಗಿಂದ ನಳಿಗೆಗೆ ಚುಚ್ಚಿದ್ರ ಎಲ್ಲ ವ್ಯರ್ಥ. ಪ್ರತಿ ಸಲ ಭುಜದಿಂದ ಮುಂದಕ್ಕ ಒಂದೇ ಸಮ ಒತ್ತಬೇಕು. ಇಷ್ಟು ಪಾಲಿಸಿದ್ರ ರೈಫಲಿಗೆ ಬೈಪಾಡ್ ಒಳ್ಳೇದೇ, ಶೂಟಿಂಗ್ ರೇಂಜಿನಾಗ.

ಈಗ ನಮ್ಮ ಒಂಟಿ ನಳಿಗೆಗೆ ಬರೋಣ. ಇದರ ಮುಂದಿನ ಕಟ್ಟಿಗಿ ಹ್ಯಾಂಗ ಕೂತದ ನೋಡೀರೇನು? ಬಂದೂಕು ಬಿಚ್ಚಿ ಒರೆಸೋವಾಗ ಕೈಯಿಂದ ಜಗ್ಗಿದ್ರ ಬಂದುಬಿಡ್ತದ. ಬಹಳಷ್ಟು ಬಂದೂಕಿನಾಗ ಅದು ನಳಿಗೆ ಕೆಳಗಿನ ಒಂದು ಕೊಕ್ಕೆಗೆ ಸ್ಪ್ರಿಂಗ್ ಮ್ಯಾಲ, ಇಲ್ಲಾ ಒಂದೇ ಸ್ಕ್ರೂ ಮ್ಯಾಲ ನಿಂತಿರ್ತದ. ಅದು ಇರೋದು ಎಡಗೈ ಹಿಡಿಯಾಕ, ಬಂದೂಕಿನ ಭಾರ ಹೊರಾಕ ಅಲ್ಲ. ಅದಕ್ಕ ಕಬ್ಬಿಣದ ಕಾಲು ಹಚ್ಚಿ ಹತ್ತು ಸಲ ಹೊಡೀರಿ, ಹನ್ನೆರಡು ಬೋರಿನ ಒದೆತಕ್ಕ ಆ ಕೊಕ್ಕೆ ಸಡ್ಲ ಆಗ್ತದ. ಕೊಕ್ಕೆ ಸಡ್ಲ ಆದ್ರ ಕಟ್ಟಿಗಿ ಅಲುಗಾಡ್ತದ, ಆಮ್ಯಾಲ ಗುರಿ ಮಾತು ದೂರ ಉಳೀತು.

ಇನ್ನೊಂದು ಮಾತು ವಿಡಿಯೋದಾಗ ಯಾರೂ ಹೇಳಲ್ಲ. ಒಂಟಿ ನಳಿಗೆ ಬಂದೂಕಿಗೆ ಎರಡನೇ ತೋಟಾ ಹಾಕಬೇಕಂದ್ರ ಅದನ್ನ ನಡುವ ಮುರೀಬೇಕು, ನಳಿಗೆ ಕೆಳಗ ಬಾಗಬೇಕು. ಮುಂದ ಎರಡು ಕಾಲು ನೆಲಕ್ಕ ಊರಿ ನಿಂತಿದ್ರ ನಳಿಗೆ ಎಲ್ಲಿ ಬಾಗ್ತದ? ಮಕ್ಕೊಂಡವ ಎದ್ದು, ಬಂದೂಕು ಎತ್ತಿ, ಮುರಿದು, ಖಾಲಿ ತೋಟಾ ತೆಗೆದು, ಹೊಸದು ಹಾಕಿ, ಮತ್ತ ಮಕ್ಕೋಬೇಕು. ಅಷ್ಟರಾಗ ಗಾಯದ ಹಂದಿ ನಿನ್ನ ಮ್ಯಾಲ ಬಂದಿರ್ತದ. ನಿಂತವನಿಗಾದ್ರೂ ಓಡಾಕ ಕಾಲು ಅದಾವ. ಮದ್ದಿನ ಬಂದೂಕಿನ ಕಥಿ ಇನ್ನೂ ಚಂದ, ಅದನ್ನ ನೆಟ್ಟಗ ನಿಲ್ಲಿಸಿ ಗಜದಿಂದ ಜಡಿಯದ ಹೊರತು ಎರಡನೇ ಈಡು ಇಲ್ಲೇ ಇಲ್ಲ.

ಗುರಿಯ ಮಾತು ಇಲ್ಲಿಗೆ ಸಾಕು. ನಾನು ಇಷ್ಟು ಬರೀಲಕ್ಕ ಕೂತದ್ದು ಗುಂಡು ತಪ್ಪಿದ ಮ್ಯಾಲ ಎಲ್ಲಿ ಹೋಗ್ತದ ಅನ್ನೋದಕ್ಕ.

ನಮ್ಮದು ಕರಿ ಭೂಮಿ, ಬಟ್ಟಲಿನಂಗ ಸಪಾಟ. ಭೀಮಾ ದಂಡಿ ಬಿಟ್ರ ಗುಡ್ಡ ಇಲ್ಲ, ಏರು ಇಲ್ಲ. ತೊಗರಿ ಚಲೋ ಬಂದ್ರ ಐದಾರು ಫೂಟ್ ಎತ್ತರ. ಬೈಪಾಡ್ ಊರಿ ಮಕ್ಕೊಂಡವನಿಗೆ ಕಾಣೋದು ಬರೇ ತೊಗರಿ ಕಾಂಡ. ಸಾಲಿನ ನಡುವ ಕಪ್ಪಗೆ ಏನೋ ಅಲುಗಾಡಿದ್ದು ಹಂದಿನೋ ಕರುನೋ, ಕಂಬಳಿ ಹೊದ್ದು ಕೂತ ಮನುಷ್ಯನೋ, ಬ್ಯಾಟರಿ ಬೆಳಕಿನಾಗ ಹ್ಯಾಂಗ ಗೊತ್ತಾಗ್ತದ? ಲೆಕ್ಕಾನೂ ಹಾಕಿ ನೋಡ್ರಿ. ಮಕ್ಕೊಂಡವನ ನಳಿಗೆ ನೆಲದಿಂದ ಒಂದು ಫೂಟ್ ಎತ್ತರ. ಹಂದಿ ಎದಿ ಒಂದೂವರೆ ಫೂಟ್ ಎತ್ತರ. ಅಂದ್ರ ಗುಂಡು ಕೆಳಗಿಂದ ಮ್ಯಾಲಕ್ಕ ಹೊಂಟದ. ತಪ್ಪಿದ್ರ ಅದನ್ನ ತಡೆಯೋದು ಏನೂ ಇಲ್ಲ. ದಪ್ಪ ಛರ್ರಾ ಅರ್ಧ ಕಿಲೋಮೀಟರ್ ತನಕ ಹೋಗಬಹುದು, ಒಂದೇ ಗುಂಡಿನ ತೋಟಾ ಇದ್ರ ಅದಕ್ಕಿಂತ ದೂರ.

ಅದೇ ಮಂಚಿಗಿ ಮ್ಯಾಲ ಕೂತವನ ಲೆಕ್ಕ ನೋಡ್ರಿ. ಕಣ್ಣು ಹನ್ನೆರಡು ಫೂಟ್ ಎತ್ತರದಾಗ, ಹಂದಿ ಇಪ್ಪತ್ತು ಗಜ ದೂರ. ಗುಂಡು ಕೆಳಮುಖ ಹೊಂಟದ, ತಪ್ಪಿದ್ರೂ ಹಂದಿ ಹಿಂದ ಕೆಲವು ಹೆಜ್ಜಿ ದೂರದಾಗ ಕರಿ ಮಣ್ಣಿನಾಗ ಹೂತು ಹೋಗ್ತದ. ನಮ್ಮ ಹಿರಿಯರು ಜೋಳದ ಹೊಲದಾಗ ಮಂಚಿಗಿ ಹಾಕಿದ್ದು ಹಕ್ಕಿ ಹಾರಿಸಾಕ, ಕವಣಿ ಬೀಸಾಕ. ಆದ್ರ ಬಂದೂಕಿಗೂ ಅದಕ್ಕಿಂತ ಚಲೋ ಜಾಗ ನಮ್ಮ ನೆಲದಾಗ ಇಲ್ಲ.

ಈ ತಿಂಗಳು ಹೊಲದಾಗ ರಾತ್ರಿ ಯಾರ್ಯಾರು ಇರ್ತಾರ ಅಂತ ಎಣಿಸ್ರಿ. ಅಫಜಲಪುರ ಕಡಿ ಕಬ್ಬು ಕಡಿಯೋ ಟೋಳಿ ಬಂದು ಹೊಲದ ಬದುವಿನಾಗೇ ಗುಡಿಸಲು ಹಾಕಿರ್ತಾರ, ಸಣ್ಣ ಕೂಸು ಮರಿ ಎಲ್ಲ ಅಲ್ಲೇ ಮಲಗ್ತಾವ. ಕುರಿಯವರು ಹಟ್ಟಿ ಹಾಕಿರ್ತಾರ. ಕರೆಂಟ್ ರಾತ್ರಿ ಕೊಟ್ರ ನೀರು ಬಿಡಾಕ ಹೋದವ ಒಬ್ಬನೇ ಕತ್ತಲದಾಗ ಅಡ್ಡಾಡ್ತಿರ್ತಾನ. ದತ್ತ ಜಯಂತಿ ಬಂದ್ರ ಗಾಣಗಾಪುರಕ್ಕ ನಡಕೊಂಡು ಹೋಗೋ ಭಕ್ತರು ದಾರಿ ಬಿಟ್ಟು ಹೊಲದ ಕಾಲುದಾರಿ ಹಿಡೀತಾರ. ಜೇವರ್ಗಿ ಕಡಿ ಕಾಲುವಿ ಏರಿ ಮ್ಯಾಲ ಮಲಗೋರು ಎಷ್ಟು ಮಂದಿ! ಇವರೆಲ್ಲರ ಎತ್ತರ, ಮಲಗಿದಾಗ, ಆ ಒಂದು ಫೂಟಿನ ನಳಿಗೆ ಎತ್ತರವೇ. ಒಂದು ಎಕರೆ ತೊಗರಿ ಹೋದ್ರ ಮುಂದಿನ ವರ್ಷ ಬಿತ್ತಬಹುದು.

ಹಂದಿ ನುಕ್ಸಾನ ಸಣ್ಣದು ಅಂತ ನಾ ಹೇಳ್ತಿಲ್ಲ. 2019ರಾಗ ನಮ್ಮ ತೊಗರಿ ಬ್ಯಾಳಿಗೆ ಜಿಐ ಗುರುತು ಬಂತು, ದೇಶಕ್ಕೆಲ್ಲ ಹೆಸರಾಯ್ತು. ಆದ್ರ ಕಾಯಿ ಬಲಿಯೋ ಮೊದಲೇ ಹಂದಿ ಹಿಂಡು ಒಂದೇ ರಾತ್ರಿ ಸಾಲಿಗೆ ಸಾಲೇ ಮುರಿದು ಹಾಕಿದ್ರ ಆ ಹೆಸರು ತಗೊಂಡು ಏನ್ ಮಾಡೋದು? ಮುರಿದ ಗಿಡದ ಲೆಕ್ಕ ಬರೆಸಾಕ ಫೋಟೋ, ಪಹಣಿ, ಅರ್ಜಿ ಅಂತ ತಿರುಗಾಡೋ ಖರ್ಚೇ ಬ್ಯಾರೆ. ಸಿಟ್ಟು ನನಗೂ ಅದ. ಆದ್ರ ಸಿಟ್ಟಿನ ಕೈಯಾಗ ಬಂದೂಕು ಇರಬಾರದು.

ಕಾಯ್ದೆ ಮಾತೂ ಸ್ವಲ್ಪ ಕೇಳ್ರಿ, ಬೇಜಾರಾಗಬ್ಯಾಡ್ರಿ. ಬೆಳೆ ರಕ್ಷಣೆ ಲೈಸೆನ್ಸ್ ಅಂದ್ರ ಹಂದಿ ಹೊಡೆಯೋ ಪರವಾನಗಿ ಅಲ್ಲ. ಬಂದೂಕು ಇಟ್ಟುಕೊಳ್ಳಾಕ ಒಂದು ಕಾಗದ, ಪ್ರಾಣಿ ಹೊಡೆಯಾಕ ಇನ್ನೊಂದು ಕಾಗದ. 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರ ಇದ್ದವರು ಬರವಣಿಗೆಯಲ್ಲಿ ಅಪ್ಪಣೆ ಕೊಟ್ಟರೆ ಮಾತ್ರ ಬೆಳೆ ಹಾಳು ಮಾಡೋ ಹಂದಿ ಹೊಡೀಬಹುದು. ಚಿಗರಿಗೆ ಅದೂ ಇಲ್ಲ. ಅದು ಮೊದಲನೇ ಪಟ್ಟಿಯಾಗ ಅದ, ಬೆಳೆ ತಿಂದಿತು ಅಂತ ಅದನ್ನ ಹೊಡೆಯಾಕ ಅಪ್ಪಣೆ ಕೇಳಾಕೂ ದಾರಿ ಇಲ್ಲ. ಕೇರಳದಾಗ 2022ರಲ್ಲಿ ಹಂದಿ ಹೊಡೆಸೋ ಅಪ್ಪಣೆ ಕೊಡೋ ಅಧಿಕಾರವನ್ನ ಪಂಚಾಯಿತಿ ಮುಖ್ಯಸ್ಥರ ಕೈಗೇ ಕೊಟ್ಟರು, ಹೊಡೆಯೋರು ಲೈಸೆನ್ಸ್ ಇದ್ದವರೇ ಆಗಬೇಕು ಅಂತ. ನಮ್ಮಲ್ಲೂ ಅಂಥದ್ದು ಬರಲಿ ಅಂತ ಕೇಳೋದು ನ್ಯಾಯ, ನಾನೂ ಕೇಳ್ತೀನಿ. ಬರೋ ತನಕ ನಮ್ಮ ಬಂದೂಕು ವರ್ಷದಾಗ ಬಹಳಷ್ಟು ರಾತ್ರಿ ಮಾಡೋ ಕೆಲಸ ಒಂದೇ, ಸದ್ದು. ಮದ್ದಿನ ಬಂದೂಕಿನಾಗ ಗುಂಡು ಹಾಕದೇ ಬರೇ ಮದ್ದು ಸುಟ್ಟರ ಹಂದಿ ಓಡ್ತಾವ. ಸದ್ದಿಗೆ ಗುರಿ ಯಾತಕ್ಕ, ಕಾಲು ಯಾತಕ್ಕ?

ಇನ್ನು ಆ ವೆಲ್ಡಿಂಗ್ ಅಂಗಡಿ. ಇದು ಎಲ್ಲಕ್ಕಿಂತ ಅಪಾಯದ್ದು. ನಳಿಗೆಗೆ ವೆಲ್ಡಿಂಗ್ ಕಡ್ಡಿ ಹಚ್ಚಿದ್ರ ಆ ಜಾಗದ ಉಕ್ಕು ಕೆಂಪಾಗಿ ಕಾದು ಅದರ ಹದ ಹೋಗ್ತದ. ಹೊರಗ ಬಣ್ಣ ಬಳಿದು ಚಂದ ಮಾಡಿಕೊಡಬಹುದು, ಒಳಗ ಸಣ್ಣ ಬಿರುಕು ಬಿಟ್ಟದ್ದು ಯಾರಿಗೆ ಕಾಣ್ತದ? ಒತ್ತಡ ತಡೀದೇ ಅದು ಸೀಳಿದ ದಿನ ನಿಮ್ಮ ಎಡಗೈ ಇರೋದು ಅದೇ ನಳಿಗೆ ಕೆಳಗ. ನಳಿಗೆ ಒಳಗ ಸ್ವಲ್ಪ ಸೊಟ್ಟ ಆದ್ರೂ ಸಾಕು, ಗುಂಡು ತಡೆದು ಒತ್ತಡ ಏರ್ತದ. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ರಿಪೇರಿ ಮಾಡಾಕ, ಬದಲಾಯಿಸಾಕ ಲೈಸೆನ್ಸ್ ಬೇಕು. ಟ್ರಾಲಿ ಕೊಂಡಿ ವೆಲ್ಡ್ ಮಾಡೋ ಬಡವನ ಹತ್ರ ಅದು ಎಲ್ಲಿಂದ ಬರಬೇಕು? ನಿಮ್ಮ ಹುಚ್ಚಿಗೆ ಅವನ ಮ್ಯಾಲೂ ಕೇಸ್ ಬೀಳ್ತದ. ನಮ್ಮ ಭೀಮಾ ತೀರದ ಹೆಸರು ಕಂಟ್ರಿ ಪಿಸ್ತೂಲಿನಿಂದ ಮೊದಲೇ ಕೆಟ್ಟದ, ಸಿನಿಮಾನೂ ಮಾಡ್ಯಾರ. ವೆಲ್ಡಿಂಗ್ ಅಂಗಡಿಯಾಗ ಬಂದೂಕಿನ ನಳಿಗೆ ಸಿಕ್ಕಿತು ಅಂದ್ರ ಪೊಲೀಸರು ಇದು ತೊಗರಿ ಕಾಯೋ ಬಂದೂಕು ಅಂತ ಕೇಳಿಕೊಂಡು ಕೂಡ್ತಾರೇನು?

ಹಂಗಾದ್ರ ಆಸರೆ ಏನು ಮಾಡೋದು? ನನಗೂ ಐವತ್ತು ದಾಟಿದ್ವು, ಚಳಿಯಾಗ ಕೈ ನಡಗ್ತದ. ಮಂಚಿಗಿಯ ಮುಂದಿನ ಅಡ್ಡ ಬೊಂಬಿಗೆ ಒಂದು ಸಣ್ಣ ಗೋಣಿ ಚೀಲ ಕಟ್ಟೀನಿ, ಅರ್ಧ ಮರಳು ಅರ್ಧ ಹೊಟ್ಟು ತುಂಬಿದ್ದು. ಪೂರ್ತಿ ಮರಳು ತುಂಬಿದ್ರ ಕಲ್ಲಾಗ್ತದ, ಬರೇ ಹೊಟ್ಟಾದ್ರ ಕುಸೀತದ. ಬಂದೂಕಿನ ನಳಿಗೆ ಚೀಲದ ಮ್ಯಾಲ ಇಡೋದಲ್ಲ. ಎಡಗೈ ಚೀಲದ ಮ್ಯಾಲ, ಮುಂದಿನ ಕಟ್ಟಿಗಿ ಎಡಗೈಯಾಗ. ಆಗ ಬಂದೂಕಿಗೆ ತಾಗೋದು ನಮ್ಮ ಕೈ ಒಂದೇ, ನಿಂತು ಹೊಡೆದಾಗ ಹ್ಯಾಂಗೋ ಕೂತು ಹೊಡೆದಾಗೂ ಹಂಗೇ, ಗುರಿ ಬದಲಾಗಲ್ಲ. ತೋಟಾ ಬದಲಿಸಾಕ ನಳಿಗೆ ಮುರಿದ್ರ ಏನೂ ಅಡ್ಡ ಬರಲ್ಲ. ಖರ್ಚು ಒಂದು ಹಳೇ ಚೀಲ, ಒಂದು ಮಾರು ಹುರಿ.

ಮಂಚಿಗಿ ಇಲ್ಲದ ಕಡಿ ಕವಲು ಕೋಲು ಸಾಕು. ಜಾಲಿ ಕೋಲು ಕವಲು ನೋಡಿ ಕಡೀರಿ, ನಿಂತಾಗ ಎದಿ ಮಟ್ಟಕ್ಕ ಬರಬೇಕು. ಆಫ್ರಿಕಾದಾಗ ದೊಡ್ಡ ದೊಡ್ಡ ಶಿಕಾರಿಯವರು ಇವತ್ತಿಗೂ ಮೂರು ಕೋಲು ಮ್ಯಾಲ ಕಟ್ಟಿ ಕೆಳಗ ಅಗಲಿಸಿ ಅದರ ಮ್ಯಾಲ ಇಟ್ಟು ಹೊಡೀತಾರ, ನಿಂತೇ. ಎತ್ತರದ ಹುಲ್ಲಿನಾಗ ಮಕ್ಕೊಂಡ್ರ ಏನೂ ಕಾಣಲ್ಲ ಅನ್ನೋದು ಅವರಿಗೂ ಗೊತ್ತು. ಕೊಡಗಿನಾಗ ಕೈಲ್ ಪೊಳ್ದ್ ಹಬ್ಬಕ್ಕ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ಇಡ್ತಾರಲ್ಲ, ಹೆಣ್ಮಕ್ಕಳು ಸೈತ ನಿಂತು ಹೊಡೆದು ಕಾಯಿ ಒಡೀತಾರ. ಬಂದೂಕಿಗೆ ಕಾಲು ಹಚ್ಚಿ ಅಲ್ಲ, ಕೈ ಪಳಗಿಸಿ.

ನನ್ನ ಮಾತು ನಂಬಬ್ಯಾಡ್ರಿ, ಬೇಕಾದ್ರ ಕಾಗದದ ಮ್ಯಾಲ ನೋಡ್ರಿ. ಆದ್ರ ಹಗಲಿನ್ಯಾಗ, ಠಾಣೆಗೆ ಮೊದಲು ತಿಳಿಸಿ, ಹಿಂದ ಎರಡಾಳು ಎತ್ತರದ ಮಣ್ಣಿನ ಒಡ್ಡು ಇದ್ದಲ್ಲಿ. ಫರ್ಸಿ ಖಣಿಗೆ ಹೋಗಬ್ಯಾಡ್ರಿ, ಕಲ್ಲಿಗೆ ಬಡಿದ ಛರ್ರಾ ತಿರುಗಿ ನಿಮ್ಮ ಕಡಿನೇ ಬರ್ತದ. ದೊಡ್ಡ ಕಾಗದದ ನಡುವ ಒಂದು ರೊಟ್ಟಿಯಷ್ಟು ಗುಂಡಗ ಬರೀರಿ. ಇಪ್ಪತ್ತೈದು ಹೆಜ್ಜಿಯಿಂದ ಎಡಗೈ ಚೀಲದ ಮ್ಯಾಲ ಇಟ್ಟು ಒಂದು, ನಳಿಗೆನೇ ಗಟ್ಟಿ ಕಟ್ಟಿಗಿ ಮ್ಯಾಲ ಇಟ್ಟು ಒಂದು. ಎರಡಕ್ಕೂ ಬ್ಯಾರೆ ಬ್ಯಾರೆ ಕಾಗದ. ಎರಡೂ ಪಕ್ಕಕ್ಕ ಇಟ್ಟು ನೋಡಿದ್ರ ನಾ ಇಷ್ಟು ಉದ್ದ ಬರೆದದ್ದು ಕಣ್ಣಿಗೇ ಕಾಣ್ತದ. ಮದುವಿ ಮೆರವಣಿಗೆಯಾಗ ಮಾತ್ರ ಪರೀಕ್ಷೆ ಮಾಡಬ್ಯಾಡ್ರಿ. 2019ರ ತಿದ್ದುಪಡಿ ಆದ ಮ್ಯಾಲ ಸಂಭ್ರಮಕ್ಕ ಗುಂಡು ಹಾರಿಸಿದ್ರ ಎರಡು ವರ್ಷ ತನಕ ಜೈಲು, ಇಲ್ಲಾ ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ.

ಈಗಾಗಲೇ ಕಾಲು ಹಚ್ಚಿಸಿಕೊಂಡವರು ಇದ್ರ ಒಂದು ವಿನಂತಿ. ಕ್ಲಾಂಪ್ ಹಾಕಿದ್ದಿದ್ರ ಮನಿಯಾಗೇ ಬಿಚ್ಚಿ ತೆಗೀರಿ. ವೆಲ್ಡ್ ಮಾಡಿಸಿದ್ದಿದ್ರ ಕೊಯ್ಯಾಕ ಮತ್ತ ಅದೇ ಅಂಗಡಿಗೆ ಒಯ್ಯಬ್ಯಾಡ್ರಿ, ತೋಟಾನೂ ಹಾಕಬ್ಯಾಡ್ರಿ. ಲೈಸೆನ್ಸ್ ಇರೋ ಬಂದೂಕಿನ ಅಂಗಡಿಗೆ ಲೈಸೆನ್ಸ್ ಪುಸ್ತಕ ಸಮೇತ ಒಯ್ದು ನಳಿಗೆ ತೋರಿಸ್ರಿ, ಅವರು ಒಳಗಿಂದ ನೋಡಿ ಇದು ನಡೀತದ ಅನ್ನೋ ತನಕ ಈ ಹಂಗಾಮಿಗೆ ತಗಡು ಬಾರಿಸ್ರಿ, ಹಳೇ ಸೀರಿ ಕಟ್ರಿ, ನಾಯಿ ಬಿಡ್ರಿ. ಬೇಲಿಗೆ ಕರೆಂಟ್ ಮಾತ್ರ ಹಾಕಬ್ಯಾಡ್ರಿ, ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ.